ಬಡಗಿ ಕಂಡ ಹನ್ನೊಂದು ದೋಷ

ಮೂರನೇ ಸಲವೂ ಅವನು ಫೋನ್ ಕಟ್ ಮಾಡಿದ.

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಬರೆಯಲು ಬರುವವನಿಗೆ ಫೋನ್ ಎತ್ತಲು ಬರುವುದಿಲ್ಲವೇ? ಅಂಗಡಿಯ ಹಳೇ ಇಮೇಲಿಗೆ ಅವನು ಕಳಿಸಿದ ಸಂದೇಶ ಕಂಪ್ಯೂಟರಿನಲ್ಲಿ ಇನ್ನೂ ತೆರೆದೇ ಇತ್ತು. "ನಿಮ್ಮ ಹೊಸ ವೆಬ್‌ಸೈಟ್ ನೋಡಿದೆ. ಶ್ರಮಪಟ್ಟಿದ್ದೀರಿ. ಆದರೆ ಹನ್ನೊಂದು ದೋಷಗಳಿವೆ. ಬಂದರೆ ತೋರಿಸುತ್ತೇನೆ." ಕೆಳಗೆ ಒಂದು ಮರಗೆಲಸದ ಅಂಗಡಿಯ ವಿಳಾಸ, ಫೋನ್ ನಂಬರ್. ಹೆಸರಿನ ಜಾಗದಲ್ಲಿ 'ಬಡಗಿ' ಎಂದಷ್ಟೇ ಇತ್ತು.

"ಹನ್ನೊಂದಂತೆ," ಎಂದಳು ಸೋದರತ್ತೆಯ ಕಡೆ ತಿರುಗಿ. "ಎಣಿಸಿ ಇಟ್ಕೊಂಡಿದ್ದಾನೆ."

"ಹತ್ತು ಅಂದಿದ್ರೆ ಸಮಾಧಾನ ಆಗ್ತಿತ್ತಾ?" ಅತ್ತೆ ಕೌಂಟರಿನ ಹಿಂದೆ ಬ್ಯಾಟರಿ ಪ್ಯಾಕೆಟ್ ಜೋಡಿಸುತ್ತ ಕೇಳಿದರು.

ಅದು ಕಿವಿ ಮೆಷಿನ್ ಅಂಗಡಿ. ಒಳಕೋಣೆಯಲ್ಲಿ ಅಪ್ಪ ಮೂವತ್ತು ವರ್ಷದಿಂದ ಜನರ ಕಿವಿ ಪರೀಕ್ಷಿಸಿ ಹಿಯರಿಂಗ್ ಏಡ್ ಕೂರಿಸುತ್ತಿದ್ದರು. ಹೊರಗಿನ ಕೌಂಟರ್ ಅಪ್ಪನ ತಂಗಿಯದು. ಅಂಗಡಿಯ ವೆಬ್‌ಸೈಟ್ ಓಬೀರಾಯನ ಕಾಲದ್ದಾಗಿದೆ ಎಂದು ಮಗಳು ಮೂರು ತಿಂಗಳು ಕೂತು ಹೊಸದು ಮಾಡಿದ್ದಳು. ನೋಡಿದವರೆಲ್ಲ ಚೆನ್ನಾಗಿದೆ ಎಂದರು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುವ ಹಾಗೆ ಅವಳಿಗೂ ಅದರ ಮೇಲೆ ಎಲ್ಲಿಲ್ಲದ ಮುದ್ದು. ಆದರೆ ಎರಡು ವಾರವಾದರೂ ಅದರ ಮೂಲಕ ಒಬ್ಬನೇ ಒಬ್ಬ ಗಿರಾಕಿ ಬಂದಿರಲಿಲ್ಲ. ಬಂದದ್ದು ಈ ಹನ್ನೊಂದು ದೋಷ ಮಾತ್ರ.

ತಿಂಗಳ ಕೊನೆಯವರೆಗೆ ನೋಡೋಣ, ಆಮೇಲೆ ಹಳೇದನ್ನೇ ಹಾಕೋಣ ಎಂದು ಅಪ್ಪ ಹೇಳಿಯಾಗಿತ್ತು. ಹೇಳಿದ್ದು ಯಾರಿಗೆ? ಚಿಕ್ಕಂದಿನಿಂದ ಮನೆಯವರು 'ಉಡ' ಎಂದು ಕರೆಯುತ್ತಿದ್ದ ಹುಡುಗಿಗೆ. ಉಡದ ಪಟ್ಟು ಬಿಡಿಸುವುದು ಯಾರಿಂದಲೂ ಆಗುವ ಕೆಲಸವಲ್ಲ.

"ಹೋಗಿ ಮುಖಕ್ಕೇ ಕೇಳ್ಕೊಂಡು ಬರ್ತೀನಿ," ಎಂದು ಲ್ಯಾಪ್‌ಟಾಪನ್ನು ಚೀಲಕ್ಕೆ ತುರುಕಿಕೊಂಡಳು.

ಮರಗೆಲಸದ ಅಂಗಡಿ ಎರಡು ಬೀದಿ ಆಚೆಗಿತ್ತು. ಬಾಗಿಲು ಹಾರುಹೊಡೆದಿತ್ತು. ಒಳಗೊಬ್ಬ ಯುವಕ ಬಗ್ಗಿಕೊಂಡು ಡ್ರಾಯರಿನ ಅಂಚಿಗೆ ಉಪ್ಪುಕಾಗದ ಉಜ್ಜುತ್ತಿದ್ದ. ತೋಳಿನ ತುಂಬ ಮರದ ಪುಡಿ. "ರೀ, ಇಲ್ನೋಡಿ," ಎಂದು ಎರಡು ಸಲ ಕರೆದರೂ ತಲೆ ಎತ್ತಲಿಲ್ಲ. ಅವಳ ನೆರಳು ಡ್ರಾಯರಿನ ಮೇಲೆ ಬಿದ್ದ ಮೇಲೆ ಎತ್ತಿದ.

ನೋಡಿದವನು ನೋಡುತ್ತಲೇ ಇದ್ದ. ಅದೂ ಕಣ್ಣನ್ನಲ್ಲ, ತುಟಿಯನ್ನು.

ಅವಳು ಬಡಬಡನೆ ಹೇಳುತ್ತ ಹೋದಳು. ತಾನು ಇಂಥ ಅಂಗಡಿಯವಳು, ಮೂರು ಸಲ ಫೋನ್ ಮಾಡಿದೆ, ಮೂರು ಸಲವೂ ಕಟ್ ಮಾಡುವುದು ಯಾವ ಊರ ಮರ್ಯಾದೆ ಎಂದಳು. ಅವನ ದೃಷ್ಟಿ ಕೂದಲೆಳೆಯಷ್ಟೂ ಕದಲಲಿಲ್ಲ. ಅವಳ ಕೆನ್ನೆ ಬಿಸಿಯಾಯಿತು.

"ನನ್ನ ಕಣ್ಣು ಸ್ವಲ್ಪ ಮೇಲಿದೆ," ಎಂದಳು ಖಾರವಾಗಿ.

"ಗೊತ್ತು," ಎಂದ ಅವನು ತಣ್ಣಗೆ. "ನನ್ನ ಕಿವಿ ಡಬ್ಬೀಲಿದೆ. ಒಂದ್ನಿಮಿಷ."

ಗೋಡೆಯ ಹಲಗೆಯ ಮೇಲಿದ್ದ ತಗಡಿನ ಡಬ್ಬಿಯಿಂದ ಎರಡು ಹಿಯರಿಂಗ್ ಏಡ್ ತೆಗೆದು, ಒಂದೊಂದಾಗಿ ಕಿವಿಗೆ ಕೂರಿಸಿಕೊಂಡ. ಆ ಮಾಡೆಲ್ ನೋಡಿದ ಕೂಡಲೇ ಅವಳಿಗೆ ಗುರುತು ಸಿಕ್ಕಿತು. ಅವರದೇ ಅಂಗಡಿಯದು.

"ಪುಡಿ ಹಾರುವಾಗ ತೆಗೆದಿಡ್ತೀನಿ," ಎಂದ. "ಹಾಕ್ಕೊಂಡಿದ್ರೂ ಫೋನಲ್ಲಿ ಹೊಸಬರ ಮಾತು ಅರ್ಥ ಆಗಲ್ಲ, ಮುಖ ಕಾಣ್ಬೇಕು. ಅದಕ್ಕೇ ಕಟ್ ಮಾಡಿದ್ದು. ಮೆಸೇಜ್ ಹಾಕ್ತೀರೇನೋ ಅಂತ ಕಾದೆ."

ಕಿವಿ ಮೆಷಿನ್ ಡಬ್ಬಿಗಳ ನಡುವೆಯೇ ಆಡಿ ಬೆಳೆದವಳು, ಫೋನ್ ಎತ್ತಲಿಲ್ಲವೆಂದು ಅದೇ ಅಂಗಡಿಯ ಗಿರಾಕಿಯ ಮೇಲೆ ಜಗಳಕ್ಕೆ ಬಂದಿದ್ದಳು. ದೀಪದ ಬುಡದಲ್ಲೇ ಕತ್ತಲು ಅನ್ನುವುದು ಇದಕ್ಕೇ.

"ತಪ್ಪಾಯ್ತು," ಎಂದಳು.

"ಅದೇ ಮೊದಲನೇ ದೋಷ," ಎಂದು ಅವನು ನಕ್ಕ.

ಅವಳ ಸೈಟಿನ ಪುಟಗಳನ್ನೆಲ್ಲ ಅವನು ಪ್ರಿಂಟ್ ತೆಗೆಸಿ ಇಟ್ಟುಕೊಂಡಿದ್ದ. ಕೆಲಸದ ಮೇಜಿನ ಮೇಲೆ ಸಾಲಾಗಿ ಹರಡಿದ. ಎಲ್ಲದರ ಮೇಲೂ ಬಡಗಿಯ ದಪ್ಪ ಪೆನ್ಸಿಲಿನ ಗೆರೆ, ಬಾಣ, ಅಂಕಿ. ಮೊದಲ ಪುಟದ ನಟ್ಟನಡುವೆ ಅವಳು ಅಕ್ಕರೆಯಿಂದ ಇಟ್ಟಿದ್ದ ದೊಡ್ಡ ಹಸಿರು ಬಟನ್ನಿತ್ತು: 'ಈಗಲೇ ಕರೆ ಮಾಡಿ'. ಪೆನ್ಸಿಲ್ ಅದನ್ನು ಎರಡು ಸುತ್ತು ಸುತ್ತಿತ್ತು.

"ಒಂದು ಮೆಷಿನ್ ಸಿಳ್ಳೆ ಹೊಡೀತಿತ್ತು. ತೋರಿಸೋಕೆ ಟೈಮ್ ಕೇಳೋಣ ಅಂತ ಸೈಟ್ ತೆಗೆದೆ. ಕರೆ ಮಾಡಿ ಅಂತು. ಬೇರೆ ದಾರಿನೇ ಇಲ್ಲ. ಫೋನಲ್ಲಿ ಸರಿಯಾಗಿ ಕೇಳಿಸ್ತಿದ್ರೆ ನಿಮ್ಮ ಅಂಗಡಿಗೆ ಯಾಕ್ರೀ ಬರ್ತಿದ್ದೆ?"

ಅವಳಿಗೆ ನಗು ತಡೆಯಲಾಗಲಿಲ್ಲ. "ಎರಡನೇದು?"

"ಪುಟ ತೆಗೆದ ತಕ್ಷಣ ಹಾಡು ಬರುತ್ತಂತೆ. ನಮ್ಮಮ್ಮ ಬೈದ್ರು. ನನಗಂತೂ ಏನೂ ತೊಂದ್ರೆ ಆಗ್ಲಿಲ್ಲ."

"ಮೂರನೇದು?"

"ನಿಮ್ಮ ಅಪ್ಪ ವಿಡಿಯೋದಲ್ಲಿ ನಾಲ್ಕು ನಿಮಿಷ ಮಾತಾಡ್ತಾರೆ. ಬಾಯಿಗೆ ಮೈಕ್ ಅಡ್ಡ. ಕೆಳಗೆ ಅಕ್ಷರ ಇಲ್ಲ. ನನಗೆ ಅರ್ಥ ಆಗಿದ್ದು ಅವರ ಹುಬ್ಬು ಮಾತ್ರ."

"ಚೆನ್ನಾಗಿರೋದು ಒಂದೂ ಇಲ್ವಾ ಹಾಗಾದ್ರೆ?"

ಅವನು ಒಂದು ಹಾಳೆ ಎತ್ತಿಕೊಂಡ. "ಇದೆ. 'ಮೊದಲ ದಿನ ಏನಾಗುತ್ತದೆ' ಅನ್ನೋ ಪುಟ. ಯಾವ ಬಾಗಿಲು, ಯಾವ ಕುರ್ಚಿ, ಎಷ್ಟು ಹೊತ್ತು, ಎಲ್ಲ ಬರೆದಿದ್ದೀರಿ. ನಾನು ಮೊದಲ ಸಲ ಬರೋವಾಗ ಇದನ್ನ ಓದಿದ್ದಿದ್ರೆ ಅಷ್ಟು ಹೆದರ್ತಿರ್ಲಿಲ್ಲ. ಇಷ್ಟು ಒಳ್ಳೆ ಪುಟಾನ ಎಲ್ಲೋ ಮೂಲೇಲಿ ಬಚ್ಚಿಟ್ಟಿದ್ದೀರಲ್ಲ, ಅದು ನಾಲ್ಕನೇ ದೋಷ."

ಮೂರು ತಿಂಗಳಿಂದ ಕೇಳಿದ ಚೆನ್ನಾಗಿದೆಗಳಲ್ಲಿ ಒಂದೂ ಅವಳನ್ನು ಇಷ್ಟು ಖುಷಿಪಡಿಸಿರಲಿಲ್ಲ. ಇವನು ಒಂದು ಸಾಲೂ ಬಿಡದೆ ಓದಿದ್ದ. ಅವಳು ಸ್ಟೂಲ್ ಎಳೆದುಕೊಂಡು ಕೂತು ಪೆನ್ನು ತೆಗೆದಳು.

ಅಂದಿನಿಂದ ದಿನಾ ಸಂಜೆ ಲ್ಯಾಪ್‌ಟಾಪ್ ಹಿಡಿದು ಹೋಗುವುದು, ತಿದ್ದಿದ್ದನ್ನು ತೋರಿಸುವುದು ನಡೆಯಿತು. ಹಸಿರು ಬಟನ್ ಮೂಲೆಗೆ ಸರಿದು, ಆ ಜಾಗಕ್ಕೆ ಹೆಸರು, ದಿನ, ಸಮಯ ತುಂಬಿ ಕಳಿಸುವ ಫಾರಂ ಬಂತು. ಹಾಡು ನಿಂತಿತು. ಅಪ್ಪನ ಮಾತಿಗೆ ಅಕ್ಷರ ಬಂತು. ಮೊದಲ ವಾರವೇ ಒಂಬತ್ತು ಜನ ಫಾರಂ ತುಂಬಿ ಅಂಗಡಿಗೆ ಬಂದರು. ಅಪ್ಪ ಮತ್ತೆ ಹಳೇ ಸೈಟಿನ ಮಾತೆತ್ತಲಿಲ್ಲ.

ಅವನು ತುಟಿ ನೋಡುವುದು ಮಾತ್ರ ಅವಳಿಗೆ ಅಭ್ಯಾಸವಾಗಲಿಲ್ಲ, ಕಾರಣ ಗೊತ್ತಿದ್ದರೂ. ಅವಳ ಮಾತು ಶುರುವಾದಲ್ಲಿಂದ ಮುಗಿಯುವ ತನಕ ಅವನ ಕಣ್ಣು ಜೊತೆಗೇ ಬರುತ್ತಿತ್ತು. ನಕ್ಕಾಗ ಒಂದು ಗಳಿಗೆ ಅಲ್ಲೇ ನಿಂತುಬಿಡುತ್ತಿತ್ತು. ನಗುವಿನಲ್ಲಿ ಓದುವುದೇನಿದೆ ಎಂದು ಕೇಳಬೇಕೆಂದುಕೊಂಡಳು, ಧೈರ್ಯವಾಗಲಿಲ್ಲ. ಅರ್ಧ ಮಾತಿಗೇ ಹೂಂಗುಟ್ಟುವ ಮನೆಯಲ್ಲಿ ಬೆಳೆದವಳಿಗೆ, ಪೂರ್ತಿ ಕೇಳಿಸಿಕೊಳ್ಳುವ ಗಂಡಸು ಅಪರೂಪವಾಗಿ ಕಂಡ.

"ವೆಬ್‌ಸೈಟ್ ತಿದ್ದೋಕೆ ಹೋಗೋಳಿಗೆ ಲಿಪ್‌ಸ್ಟಿಕ್ ಯಾಕೆ?" ಎಂದು ಅತ್ತೆ ಕೇಳಿದರು.

"ಓದೋಕೆ ಸುಲಭ ಆಗ್ಲಿ ಅಂತ."

"ಯಾರಿಗೆ?"

ಅವಳು ಚಪ್ಪಲಿ ಮೆಟ್ಟಿಕೊಂಡಳು.

ಒಂಬತ್ತು ದೋಷ ಚಕಚಕನೆ ಮುಗಿದವು. ಹತ್ತನೆಯದು, ಅಕ್ಷರಗಳ ಬೂದು ಬಣ್ಣ, ಮುಗಿಯುವಂತೆ ಕಾಣಲಿಲ್ಲ. ಗಾಢ ಮಾಡಿದರೆ ಒಂದು ಚೂರು ಹೆಚ್ಚಾಯಿತು ಎಂದ. ತಿಳಿ ಮಾಡಿದರೆ ನಾಳೆ ಹಗಲು ಬೆಳಕಲ್ಲಿ ನೋಡೋಣ ಎಂದ. ಹೀಗೇ ನಾಲ್ಕು ಸಂಜೆ ಕಳೆಯಿತು. ಐದನೆಯ ಸಂಜೆ ಅವಳು ಲ್ಯಾಪ್‌ಟಾಪ್ ಮುಚ್ಚಿ, "ಹನ್ನೊಂದನೇದು ಹೇಳಿ," ಎಂದು ಪಟ್ಟು ಹಿಡಿದಳು.

"ಬೇಡ ಬಿಡಿ. ಅದು ನಿಮ್ಮ ಅಪ್ಪನ ಮಾತು."

"ಹೇಳೋವರೆಗೂ ನಾನು ಏಳಲ್ಲ."

ಅವನು ಮೊದಲ ಪುಟದ ಮೇಲಿನ ಸಾಲಿಗೆ ಬೆರಳಿಟ್ಟ. 'ಹಾಕಿಕೊಂಡದ್ದು ಯಾರಿಗೂ ಕಾಣುವುದಿಲ್ಲ.' ಅಂಗಡಿ ತೆರೆದ ದಿನದಿಂದ ಬೋರ್ಡಿನ ಮೇಲಿದ್ದ ಸಾಲು. ಅವಳು ಯೋಚಿಸದೆ ಹಾಗೆಯೇ ಎತ್ತಿ ಹಾಕಿದ್ದಳು.

"ಯಾಕೆ ಕಾಣಬಾರದು?" ಎಂದ. "ನಾಲ್ಕು ವರ್ಷದ ಹಿಂದೆ ಆ ಬೋರ್ಡ್ ಓದ್ಕೊಂಡೇ ಒಳಗೆ ಬಂದೆ. ಕಾಣಬಾರದ್ದು ಏನೋ ನನ್ನ ಹತ್ರ ಇದೆ ಅಂತ ಗೊತ್ತಾಗಿದ್ದೇ ಆಗ. ಎರಡು ವರ್ಷ ಕಿವಿ ಮುಚ್ಚೋ ಹಾಗೆ ಕೂದಲು ಬಿಟ್ಟಿದ್ದೆ. ಎಲ್ಲರೂ ನನ್ನನ್ನ ಕವಿ ಅಂದ್ಕೊಂಡ್ರು."

ಅವಳು ನಗಲು ಹೋದಳು. ಆದರೆ ಆ ಎರಡು ವರ್ಷ ಅವನಿಗೆ ತಮಾಷೆಯಾಗಿರಲಿಲ್ಲ ಎಂದು ಅವನ ಮುಖವೇ ಹೇಳುತ್ತಿತ್ತು.

"ಆ ಸಾಲು ತೆಗೆದು ನಿಮ್ಮ ಫೋಟೋ ಹಾಕ್ತೀನಿ," ಎಂದಳು. "ಕಿವಿ ಕಾಣೋ ಹಾಗೆ."

ಅವನು ಈ ಸಲ ಅವಳ ಕಣ್ಣನ್ನೇ ನೋಡಿದ. "ಹಾಕಿ."

ಕಿಟಕಿಯ ಬೆಳಕಿಗೆ ಕಿವಿ ಕೊಟ್ಟು ಅವನು ಕೆಲಸ ಮಾಡುತ್ತಿದ್ದಂತೆ ಅವಳು ಫೋಟೋ ತೆಗೆದಳು. ಒಂದು ಫೋಟೋಕ್ಕೆ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಕ್ಯಾಮೆರಾದಲ್ಲಿ ಅವನನ್ನು ನೋಡುತ್ತ ನಿಂತಳು. ಅವನಿಗೂ ಅದು ಗೊತ್ತಾಗಿ ಕಿವಿಯ ತುದಿ ಕೆಂಪಾಯಿತು.

ಮರುದಿನ ಬೆಳಿಗ್ಗೆ ಅಪ್ಪ ಸೈಟ್ ನೋಡಿದರು.

"ಇದು ಆಗಲ್ಲ," ಎಂದರು. "ಹುಡುಗ ಒಳ್ಳೆಯವನೇ, ಮೆಷಿನ್ ಕೂರಿಸಿದ್ದೇ ನಾನು. ಆದ್ರೆ ಜನ ನಮ್ಮ ಹತ್ರ ಬರೋದೇ ಮುಚ್ಚಿಡೋಕೆ. ಫೋಟೋ ತೆಗಿ."

"ತೆಗೆಯಲ್ಲ ಅಪ್ಪ. ಇನ್ನೊಂದು ವಿಷಯ ಇದೆ. ನಾನು ಅವನನ್ನೇ ಮದುವೆ ಆಗ್ಬೇಕು ಅಂತಿದ್ದೀನಿ."

ಅತ್ತೆಯ ಕೈಯಿಂದ ಬ್ಯಾಟರಿ ಪ್ಯಾಕೆಟ್ ಜಾರಿತು. ಅಪ್ಪ ಕುರ್ಚಿಗೆ ಒರಗಿದರು. "ಅವನು ಕೇಳಿದ್ನಾ?"

"ಇಲ್ಲ. ಅವನಿಗಿನ್ನೂ ವಿಷಯಾನೇ ಗೊತ್ತಿಲ್ಲ."

"ನೋಡಮ್ಮ, ಅವನ ಕಿವಿ ಮುಂದೆ ಇನ್ನೂ ಮಂದ ಆಗ್ಬಹುದು. ಜೀವನ ಪೂರ್ತಿ ಕಷ್ಟ."

"ದಿನಾ ಇದೇ ಕುರ್ಚೀಲಿ ಕೂತು ತಾಯಂದಿರಿಗೆ ಏನು ಹೇಳ್ತೀರಿ? ನಿಮ್ಮ ಮಗುಗೆ ಏನೂ ಕಮ್ಮಿ ಇಲ್ಲ, ಎಲ್ಲರ ಹಾಗೆ ಬಾಳುತ್ತೆ ಅಂತ ತಾನೆ?"

"ಅದು ಅಂಗಡಿ ಮಾತು ಕಣೇ."

"ಸುಳ್ಳಾ ಹಾಗಾದ್ರೆ?"

ಅಷ್ಟರಲ್ಲಿ ಗಿರಾಕಿಗಳು ಬಾಗಿಲು ತಳ್ಳಿಕೊಂಡು ಬಂದರು. ಅವಳು ಫೋಟೋವನ್ನು ಇದ್ದಲ್ಲೇ ಬಿಟ್ಟು ಹೊರಟಳು. ಹೇಳದೆ ಹಿಂತಿರುಗುವ ಯೋಚನೆ ಒಂದು ಸಲವೂ ಬರಲಿಲ್ಲ.

ಅವನು ಗರಗಸದ ಮೆಷಿನ್ ಓಡಿಸುತ್ತಿದ್ದ. ಅವಳನ್ನು ಕಂಡು ಆರಿಸಿ, ಡಬ್ಬಿಗೆ ಕೈ ಹಾಕಿದ. ಅವಳು ಆ ಕೈ ಹಿಡಿದು ತಡೆದಳು. ಕಿಟಕಿಯ ಬೆಳಕಿಗೆ ಮುಖ ಕೊಟ್ಟು ನಿಂತು, ಬಿಡಿಬಿಡಿಯಾಗಿ ಹೇಳಿದಳು.

"ನಿಮ್ಮನ್ನ ಮದುವೆ ಆಗ್ತೀನಿ ಅಂತ ಅಪ್ಪನಿಗೆ ಹೇಳ್ಬಿಟ್ಟೆ. ನಿಮ್ಮನ್ನ ಕೇಳಿರ್ಲಿಲ್ಲ. ಈಗ ಕೇಳ್ತಿದ್ದೀನಿ."

ಮಾತು ಮುಗಿದ ಮೇಲೂ ಅವನ ನೋಟ ತುಟಿಯ ಮೇಲೆಯೇ ಇತ್ತು. ಆಮೇಲೆ ಮೆಲ್ಲಗೆ ಕಣ್ಣಿಗೆ ಏರಿತು.

"ನಾನೂ ಒಂದು ಒಪ್ಕೋಬೇಕು," ಎಂದ. "ಆ ಬೂದು ಬಣ್ಣ ಮೊದಲನೇ ಸಂಜೆನೇ ಸರಿ ಆಗಿತ್ತು."

"ಏನು?"

"ಅದೂ ಮುಗಿದ್ರೆ ನೀವು ಬರಲ್ವಲ್ಲ ಅಂತ."

"ನಾಲ್ಕು ಸಲ ಬದಲಾಯಿಸಿದ್ನಲ್ರೀ ನಾನು."

"ನಾಲ್ಕು ಸಂಜೆ ಬಂದ್ರಿ."

ಅವಳು ಮೇಜಿನ ಮೇಲಿನ ಮರದ ಪುಡಿಯನ್ನು ಹಿಡಿಯಷ್ಟು ಎತ್ತಿ ಅವನ ಮೇಲೆ ಎಸೆದಳು. ಅವನು ನಗುತ್ತ ಅವಳ ಎರಡೂ ಕೈ ಹಿಡಿದುಕೊಂಡ. "ನೀವಂದ್ರೆ ನಂಗೆ ಪ್ರಾಣ," ಎಂದ, ತನ್ನ ದನಿ ತನಗೇ ಕೇಳದೆ, ಬೀದಿಗೆಲ್ಲ ಕೇಳುವಷ್ಟು ಜೋರಾಗಿ. ಅವಳು ನಾಚಿ ಬಾಗಿಲ ಕಡೆ ನೋಡಿದರೆ, ಅಲ್ಲಿ ಅಪ್ಪ ನಿಂತಿದ್ದರು.

ಮೂವತ್ತು ವರ್ಷದಲ್ಲಿ ಅಂಗಡಿಯ ಹೊತ್ತಿನಲ್ಲಿ ಹೊರಗೆ ಕಾಲಿಡದ ಮನುಷ್ಯ. ಬಡಗಿ ಗಡಿಬಿಡಿಯಿಂದ ಡಬ್ಬಿ ತೆಗೆದು ಕಿವಿಗೆ ಮೆಷಿನ್ ಹಾಕಿಕೊಂಡು, "ಬನ್ನಿ ಸರ್," ಎಂದ.

"ನೀನು ಹೊರಟಾಗ ಬಂದ್ರಲ್ಲ, ಒಬ್ಬ ತಾಯಿ, ಮಗಳು," ಎಂದು ಅಪ್ಪ ಅವಳಿಗೆ ಹೇಳತೊಡಗಿದರು. "ಹುಡುಗಿ ಆ ಫೋಟೋ ತೋರಿಸಿ, ನನಗೂ ಹೀಗೆ ಕಾಣೋದೇ ಕೊಡಿ, ಕೆಂಪು ಬಣ್ಣದ್ದು ಅಂದ್ಲು. ತಾಯಿ ಅಳೋಕೆ ಶುರು ಮಾಡಿದ್ರು. ಏನೂ ಕಮ್ಮಿ ಇಲ್ಲಮ್ಮ ಅಂತ ನಾನು ಯಾವಾಗಿನ ಹಾಗೆ ಹೇಳ್ದೆ. ಹೇಳೋದು ಸುಲಭ, ಇಂಥವರ ಜೊತೆ ನಿಮ್ಮ ಮನೆಯಿಂದ ಸಂಬಂಧ ಮಾಡ್ತೀರಾ ಅಂದ್ರು ಆ ತಾಯಿ. ವರ್ಷಕ್ಕೆ ನಾಲ್ಕು ಜನ ಇದನ್ನ ಕೇಳ್ತಾರೆ. ನಕ್ಕು ಸುಮ್ನಾಗ್ತಿದ್ದೆ. ಇವತ್ತು ನಗು ಬರ್ಲಿಲ್ಲ."

ಮುಂದಿನದನ್ನು ಅಪ್ಪ ತಲೆ ತಗ್ಗಿಸಿ, ನೆಲಕ್ಕೆ ಹೇಳುವ ಹಾಗೆ ಗೊಣಗಿದರು. ಬಡಗಿಗೆ ಅವರ ನೆತ್ತಿ ಮಾತ್ರ ಕಂಡಿತು. ಏನೂ ತಿಳಿಯದೆ ಅವಳ ಕಡೆ ನೋಡಿದ. ಅವಳ ತುಟಿ ಅದುರುತ್ತಿತ್ತು, ಅದನ್ನೂ ಓದಲಾಗಲಿಲ್ಲ.

"ಏನಂದ್ರು?" ಎಂದು ಕೇಳಿದ, ಹೆದರಿಕೊಂಡು.

ಅವಳು ಕಣ್ಣೊರೆಸಿಕೊಂಡು, ಅವನಿಗೆ ಎದುರಾಗಿ ನಿಂತಳು.

"'ಮಾಡ್ತಿದ್ದೀನಮ್ಮ, ನನ್ನ ಮಗಳನ್ನೇ ಕೊಡ್ತಿದ್ದೀನಿ' ಅಂದ್ರಂತೆ ಆ ತಾಯಿಗೆ. ಅಂಗಡೀಲಿ ಕೂತು ಆಡಿದ ಮಾತು, ಇನ್ನು ತಪ್ಪೋಕಾಗಲ್ವಂತೆ."

ಬಡಗಿ ಸ್ಟೂಲ್ ಎಳೆದು, ಪುಡಿಯನ್ನು ಅಂಗೈಯಿಂದ ಒರೆಸಿ, ಸಾಲದೆಂದು ತೋಳಿನಿಂದಲೂ ಒರೆಸಿ, ಅಪ್ಪನ ಮುಂದಿಟ್ಟ.

"ಕೂತ್ಕೊಳ್ಳಿ, ಮಾವ," ಎಂದ.

ಅಪ್ಪ ತಲೆ ಎತ್ತಿದರು. ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, ಒಂದೊಂದೇ ಮಾತನ್ನು ಬಿಡಿಸಿ, ಅವನಿಗೆ ತಿಳಿಯುವ ಹಾಗೆ ಹೇಳಿದರು.

"ಭಾನುವಾರ ಅಮ್ಮನ್ನ ಕರ್ಕೊಂಡು ಮನೆಗೆ ಬಾ."