ನುಸಿಯ ಪಾಲು

ಲಡಾಖಿನಿಂದ ಚಳ್ಳಕೆರೆಯವರೆಗೆ, ಸಮುದ್ರದಾಚೆಯ ದೇಶಗಳಲ್ಲೂ, ಉಣ್ಣೆ ಇದ್ದಲ್ಲೆಲ್ಲ ಗಂಧದೀಪ ಉರಿಯುತ್ತಿತ್ತು. ಉರಿಯುವುದೆಂದರೆ ಬೆಳಕಲ್ಲ. ಉಣ್ಣೆಗೆ ಬೀಳುವ ನುಸಿಯ ಹೆಣ್ಣು ಪತಂಗ ಗಂಡನ್ನು ಕರೆಯಲು ಸೂಸುವ ವಾಸನೆಯನ್ನು ಆ ಪುಟ್ಟ ಪೆಟ್ಟಿಗೆ ಸಾವಿರ ಪಟ್ಟು ಹೆಚ್ಚಿಸಿ ಗಾಳಿಗೆ ಬಿಡುತ್ತಿತ್ತು. ಗಂಡುಗಳು ಪೆಟ್ಟಿಗೆಯನ್ನೇ ಸುತ್ತಿ ಸುತ್ತಿ ಸಾಯುತ್ತಿದ್ದವು, ಹೆಣ್ಣುಗಳು ಒಂಟಿಯಾಗಿ ಮುದಿಯಾಗುತ್ತಿದ್ದವು. ವಿಷವಿಲ್ಲ, ಹೊಗೆಯಿಲ್ಲ, ಭಲೇ ಉಪಾಯ! ಇದನ್ನು ಕಂಡುಹಿಡಿದ ಡಾ. ಕೌಸರ್ ಬಾನು ಅವರನ್ನು ಕಂಬಳಿ ನೇಕಾರರು ಮೆರವಣಿಗೆ ಮಾಡಿದ್ದರು.

ನೋಡಿದರೆ ಅದೇನು ಮಹಾಶತ್ರುವೇ? ಅಕ್ಕಿಕಾಳಿನಷ್ಟು ಉದ್ದ, ಒಣಹುಲ್ಲಿನ ಬಣ್ಣದ ರೆಕ್ಕೆ, ಅಂಚಿಗೆ ನವಿರಾದ ಕುಚ್ಚು, ತಲೆಯ ಮೇಲೆ ಕೆಂಚು ಕೂದಲು. ರೆಕ್ಕೆ ಬಂದ ಮೇಲೆ ಅದಕ್ಕೆ ಊಟವೇ ಇಲ್ಲ. ಜೋಡಿಯಾಗಿ, ಉಣ್ಣೆಯಲ್ಲಿ ಮೊಟ್ಟೆಯಿಟ್ಟು ಸಾಯುತ್ತದೆ. ತಿನ್ನುವುದೆಲ್ಲ ಮರಿಹುಳ. ಎಳೆಗಳ ಕೊಳವೆ ನೆಯ್ದುಕೊಂಡು ಕತ್ತಲಲ್ಲಿ ಉಣ್ಣೆ ಮೇಯುತ್ತದೆ, ಕೊನೆಗೆ ಗೂಡು ಕಟ್ಟಿ ಪತಂಗವಾಗುತ್ತದೆ.

ನುಸಿ ಕಡಿಮೆಯಾದಂತೆ ಕುರಿಹಟ್ಟಿಗಳ ಉಣ್ಣೆಕಸ, ಹಕ್ಕಿಗೂಡುಗಳ ಗರಿ ಕೊಳೆಯದೆ ರಾಶಿ ಬೀಳತೊಡಗಿತು. ಕೂದಲು, ಗರಿಗಳಲ್ಲಿರುವ ಕೆರಾಟಿನ್ ಎಂಬ ಗಟ್ಟಿ ಪದಾರ್ಥವನ್ನು ಅರಗಿಸಿಕೊಳ್ಳುವ ಜೀವಿಗಳು ತೀರ ಕಡಿಮೆ, ನುಸಿಯ ಮರಿಹುಳ ಅವುಗಳಲ್ಲೊಂದು. ದೀಪ ನಿಲ್ಲಿಸಿ ಎಂದು ಕೌಸರ್ ಗೋಗರೆದರೂ, ದೀಪಗಳನ್ನು ಹಂಚುತ್ತಿದ್ದ ಕೀಟಮುಕ್ತಿ ಮಂಡಳಿ ಕಿವಿಗೆ ಹಾಕಿಕೊಳ್ಳಲಿಲ್ಲ.

ಕೊನೆಗೆ ನುಸಿ ಉಳಿದದ್ದು ಚಳ್ಳಕೆರೆ ಸೀಮೆಯಲ್ಲಿ ಕಂಬಳಿ ನೇಯುವ ಮುದುಕಿ ಈರಕ್ಕನ ಮಗ್ಗದ ಮನೆಯಲ್ಲಿ ಮಾತ್ರ. ಮಂಡಳಿಯ ಅಧಿಕಾರಿ ಪ್ರಭಂಜನ ದೀಪ ಹಿಡಿದು ಬಂದ. ಹೆಚ್ಚು ಬಲದ ಈ ಹೊಸ ದೀಪ ಹೊತ್ತಿಸಲು ಕೌಸರ್ ಅವರ ಹೆಬ್ಬೆರಳಚ್ಚೇ ಬೇಕಾದ್ದರಿಂದ, ಮಂಡಳಿಯಲ್ಲೇ ಕೆಲಸಕ್ಕಿದ್ದ ಅವರನ್ನೂ ಕರೆತಂದಿದ್ದ. ಈರಕ್ಕ ಬಾಗಿಲಿಗೆ ಅಡ್ಡ ನಿಂತಳು.

"ಅಜ್ಜಿ, ಜಗತ್ತಲ್ಲಿ ನುಸಿ ಇರೋದು ನಿಮ್ಮನೇಲಿ ಮಾತ್ರ. ಕಂಬಳಿ ತಿನ್ನಲ್ವಾ?" ಎಂದ ಪ್ರಭಂಜನ.

"ತಿಂತೈತೆ, ಹಾಳಾದ್ದು! ದಿನಾ ಬೈತೀನಿ. ಅದಕ್ಕೇ ಕುರಿ ಕೂದಲು ಕತ್ತರಿಸಿದಾಗ ಮೊದಲನೇ ಹಿಡಿ ಉಣ್ಣೆ, ಜಿಡ್ಡು ತೊಳೀದೆ, ಅದರ ಪಾಲು ಅಂತ ತೊಲೆ ಸಂದೀಲಿ ಇಕ್ಕೋದು, ಕಂಬಳಿ ಬಿಟ್ಟು ಅದನ್ನ ಮೇಯ್ಲಿ ಅಂತ. ನಮ್ಮತ್ತೆನೂ ಇಕ್ತಿದ್ಲು. ನನ್ನ ಮನೆ, ನನ್ನ ನುಸಿ. ನಿಂಗ್ಯಾಕೋ ಹೊಟ್ಟೆಯುರಿ?"

ಪ್ರಭಂಜನ ಕೌಸರ್ ಕಡೆ ತಿರುಗಿದ. "ಮೇಡಂ, ಬೆರಳಿಡಿ."

ಕೌಸರ್ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. "ಇಡಲ್ಲ."

"ಕೆಲಸ ಹೋಗುತ್ತೆ."

"ಹೋಗ್ಲಿ! ಕಾಟ ಕಮ್ಮಿ ಆಗ್ಲಿ ಅಂತ ದೀಪ ಮಾಡ್ದೆ, ವಂಶ ಅಳಿಸೋಕಲ್ಲ. ಏನ್ ಮಾಡ್ಕೋತೀರೋ ಮಾಡ್ಕೊಳ್ಳಿ."

ಅವನು ಅವರ ಕೈ ಹಿಡಿದೆಳೆಯುವಷ್ಟರಲ್ಲಿ ಈರಕ್ಕ "ಬಾರವ್ವ ಒಳಿಕ್ಕೆ" ಎಂದು ಕೌಸರ್ ಅವರನ್ನು ಎಳೆದುಕೊಂಡು ಅಗಳಿ ಜಡಿದಳು. ಹೊರಗೆ ಅವನು ಬಾಗಿಲು ಬಡಿಯುತ್ತಲೇ ಇದ್ದ. ಒಳಗೆ, ಕೆಂಚುತಲೆಯ ಹೆಣ್ಣು ಪತಂಗವೊಂದು ಹಾರಿಬಂದು ಕೌಸರ್ ಅವರ ಉಣ್ಣೆಯ ಶಾಲಿನ ಮೇಲೆ ಕೂತಿತು.

"ಮೊಟ್ಟೆ ಇಕ್ತೈತೆ, ಕೊಡವಿಕೊಳ್ಳವ್ವ. ತೂತು ಬೀಳ್ತೈತೆ!"

"ಬೀಳ್ಲಿ ಬಿಡಕ್ಕ," ಎಂದು ಕೌಸರ್ ಅಲುಗಾಡದೆ ಕೂತರು.

ಇದೆಲ್ಲ ನಡೆಯಲು ಇನ್ನೂ ಮೂವತ್ತು ವರ್ಷವಿದೆ. ಸದ್ಯಕ್ಕೆ ಆ ಪತಂಗದ ಮುತ್ತಜ್ಜಿಯರ ಮುತ್ತಜ್ಜಿಯರು ನಿಮ್ಮ ಬೀರುವಿನಲ್ಲಿದ್ದಾರೆ, ನುಸಿಗುಳಿಗೆ ನಿಮ್ಮ ಕೈಯಲ್ಲಿದೆ.