ಹತ್ತು ಮೈಕ್ರಾನಿನ ಚೌಕ

ಕಬ್ಬಿಣದ ರಾಡು ನನ್ನ ಎಡ ಮೊಣಕೈಗೆ ಬಿತ್ತು!

ನೋವಾಗಬೇಕಿತ್ತು. ಆಗಲಿಲ್ಲ. ಈಚೆಗೆ ನನಗೆ ಏನೂ ಸರಿಯಾಗಿ ತಟ್ಟುವುದೇ ಇಲ್ಲ, ಬಿಡಿ.

"ರೇಯ್... ಡಬ್ಬಿ ಕೊಡ್ತೀಯೋ, ಇನ್ನೊಂದು ಹಾಕ್ಲೋ?"

ಆಂಜಿನಪ್ಪ. ಮಾಲೂರಿನ ಟೆಸ್ಟಿಂಗ್ ಲ್ಯಾಬ್ ಓನರ್ ಅನಿಲ್‌ಕುಮಾರ್ ಸಾಕಿಕೊಂಡಿರುವ ಆಳು.

"ಅದ್ರಲ್ಲೇನಿದೆ ಗೊತ್ತೇನಯ್ಯಾ?"

"ನಂಗ್ಯಾಕೆ? ಸಾರ್ ಕೇಳವ್ರೆ."

ಅದರಲ್ಲಿದ್ದದ್ದು ಅವರ ಲ್ಯಾಬಿನಿಂದ ನಾನು ತಂದ ಉಗುರಿನಷ್ಟು ಸಿಲಿಕಾನ್ ಚೂರು. ಗುಂಡಿಯಂಥ ಲೋಹದ ಪೀಠಕ್ಕೆ ಅಂಟಿಸಿದ್ದು. ಮೇಲೆಲ್ಲ ಹತ್ತು ಮೈಕ್ರಾನಿನ, ಕಣ್ಣಿಗೆ ಕಾಣದಷ್ಟು ಸಣ್ಣ ಚೌಕಗಳು. ಎಲೆಕ್ಟ್ರಾನ್ ಮೈಕ್ರೋಸ್ಕೋಪು ಅದನ್ನು ನೋಡಿಯೇ ಅಳತೆ ಕಲಿಯುತ್ತದೆ.

ಲಿಫ್ಟ್ ಪಿನ್ನೊಂದರ ಬಿರುಕು ಚಿಕ್ಕದು, ಪರವಾಗಿಲ್ಲ ಎಂದು ಲ್ಯಾಬಿನ ನಂದಿತಾ ರಿಪೋರ್ಟ್ ಕೊಟ್ಟಿದ್ದಳು. ಪಿನ್ ಮುರಿಯಿತು. ಲಿಫ್ಟ್ ಬಿತ್ತು. ಗೋಪಿ ಎಂಬ ಫಿಟ್ಟರ್ ಸತ್ತ. ಬೇಕೆಂದೇ ಸುಳ್ಳು ಬರೆದಳೆಂದು ಅವಳನ್ನು ಜೈಲಿಗೆ ಹಾಕಿದರು. ಈ ಚೂರೇ ಕೆಟ್ಟಿದ್ದರೆ ಅವಳು ಹೊರಗೆ ಬರುತ್ತಾಳೆ... ಆದರೆ ಲ್ಯಾಬಿನ ಅಷ್ಟೂ ರಿಪೋರ್ಟು ಸುಳ್ಳಾಗಿ, ಬಾಗಿಲು ಮುಚ್ಚಬೇಕಾಗುತ್ತದೆ.

ಅದಕ್ಕೇ ರಾಡು!

"ತಗೊಳಪ್ಪಾ..." ತಲೆನೋವಿನ ಮುಲಾಮಿನ ಡಬ್ಬಿ ಎಸೆದೆ. ಬಗ್ಗಿದ. ಒದ್ದೆ! ಬೈಕ್ ಹತ್ತಿದೆ.

ಕೋಲಾರದವರೆಗೂ ಅವನ ಬೊಲೆರೊ ಬೆನ್ನು ಬಿಡಲಿಲ್ಲ. ಟೊಮೆಟೊ ಮಂಡಿ ಹತ್ತಿರ ಲಾರಿಗಳ ಸಾಲು. ಕ್ರೇಟುಗಳ ಸಂದಿಯಲ್ಲಿ ಬೈಕ್ ನುಗ್ಗಿಸಿದೆ.

"ಲೇಯ್! ನಿಂತ್ಕೊಳ್ಳೋ!"

ನಿಂತದ್ದು ಬೊಲೆರೊ.

ಪರಿಚಯದ ಕಾಲೇಜಿನಲ್ಲಿ ಮೈಕ್ರೋಸ್ಕೋಪ್ ಇತ್ತು. ಅಲ್ಲಿ ಕೃಷ್ಣಮೂರ್ತಿಗಳು ಕಾಯುತ್ತಿದ್ದರು. ಮುಳಬಾಗಿಲಿನ ಅರ್ಚಕರು, ನಂದಿತಾಳ ತಂದೆ. ಮೈಕ್ರೋಸ್ಕೋಪ್ ಬಲ್ಲವನೆಂದು ಈ ಕೆಲಸಕ್ಕೆ ನನ್ನನ್ನು ಕರೆದವರು.

ಮೊದಲು ಕಾಲೇಜಿನದೇ ಚೂರು ಇಟ್ಟೆ. ಚೌಕ ಚೌಕವಾಗಿತ್ತು. ಮೆಷಿನ್ ಸರಿಯಿದೆ.

ಆಮೇಲೆ ನಮ್ಮದು. ಚಿತ್ರ ಜಾರಿತು... ಚೌಕ ಎಳೆದುಕೊಂಡು ಉದ್ದವಾಯಿತು!

"ಏನಾಯ್ತು ಸ್ವಾಮಿ?"

"ಎಲೆಕ್ಟ್ರಾನು ಪೀಠದ ಮೂಲಕ ಹರಿದು ಹೋಗ್ಬೇಕು. ಏನೋ ಅಡ್ಡ ಇದೆ. ಉದ್ದ ಆಗಿರೋ ಈ ಚೌಕಾನೇ ಹತ್ತು ಮೈಕ್ರಾನ್ ಅಂತ ಲ್ಯಾಬಿನ ಮೆಷಿನ್ ಕಲ್ತಿದೆ. ಅದಕ್ಕೇ ದೊಡ್ಡ ಬಿರುಕು ಚಿಕ್ಕದಾಗಿ ಕಂಡಿದೆ."

ಹೊರತೆಗೆದು ತಿರುಗಿಸಿದೆ. ಪೀಠದ ತಳದಲ್ಲಿ ಒಣಗಿದ ಹಳದಿ ಹಕ್ಕಳೆ. ಫೋಟೊ ತೆಗೆದು, ಬ್ಲೇಡಿನಿಂದ ಕೆರೆದು, ಮತ್ತೆ ಇಟ್ಟೆ. ಚೌಕ ನೆಟ್ಟಗಾಯಿತು!

ಕೃಷ್ಣಮೂರ್ತಿಗಳು ಆ ಪುಡಿಯನ್ನು ಮೂಸಿ ನೋಡಿದರು.

"ಗಂಧ... ಆಯುಧಪೂಜೆ ದಿನ ಲ್ಯಾಬಿಗೆ ಹೋಗಿ ನಾನೇ ಹಚ್ಚಿದ್ದು. ಮೇಲ್ಗಡೆ ಮುಟ್ಬೇಡಪ್ಪಾ ಅಂದ್ಲು ಮಗು. ಪೂಜೆ ತಪ್ಪಬಾರ್ದಲ್ಲಾ... ಅವಳು ಆ ಕಡೆ ಹೋದಾಗ ತಿರುಗಿಸಿ, ತಳಕ್ಕೆ ಗಂಧದ ಬೊಟ್ಟು ಇಟ್ಟೆ."

ಕೋರ್ಟಿಗೆ ಕೊಡಬೇಕಾದ ರಿಪೋರ್ಟಿನ ಹಾಳೆ ಎಳೆದುಕೊಂಡೆ.

"ಇದನ್ನ ಬರೆದ್ರೆ ಅವಳು ಬರ್ತಾಳಾ?"

"ಬರ್ತಾಳೆ. ಗೋಪಿ ಬರಲ್ಲ."

ಅವರು ಅತ್ತರು. ನಾನು ಪೆನ್ನು ಹುಡುಕಿದೆ.

ರಿಪೋರ್ಟಿನಲ್ಲಿ 'ದೋಷದ ಕಾರಣ' ಎಂಬ ಕಡೆ ಒಂದೇ ಪದಕ್ಕೆ ಜಾಗವಿತ್ತು. 'ಕೊಳೆ' ಎಂದು ಬರೆದೆ.

ಕೆಳಗೆ ಅರ್ಚಕರು ಸಾಕ್ಷಿ ಸಹಿ ಹಾಕಿದರು.