ಹುಣಸೆ ಬೀಜದ ಒಪ್ಪಂದ

ಶುಕ್ರವಾರ ಮಧ್ಯಾಹ್ನ ಹುಣಸೆ ಬೀಜದ ಗಡಿಗೆ ಮುನಿವೆಂಕಟಮ್ಮಜ್ಜಿಯ ಮನೆಯ ಗೋಡೆಯ ಗೂಡಿನಲ್ಲಿದ್ದುದನ್ನು ಅಮರ್ ಕಂಡಿದ್ದ. ಸಂಜೆ ದೀಪ ಹಚ್ಚಿದ ಮೇಲೆ ಅವನು ಮೊಸರಿನ ಹೆಪ್ಪು ಕೇಳಲು ಹೋದಾಗ ಅಜ್ಜಿ ಹೊಸಿಲಿನಲ್ಲೇ ತಡೆದು ಬರಿಗೈಯಲ್ಲಿ ಕಳುಹಿಸಿದಳು. ಅದೇ ಹೊತ್ತಿಗೆ ಸಿಂಚನ ಗುಲಾಬಿ ತೋಟದ ದಿನದ ಕೆಲಸ ಮುಗಿಸಿ ತಮ್ಮೂರು ನಂದಗುಡಿಯಲ್ಲಿ ಬಸ್ಸಿಳಿದಳು. ಶನಿವಾರ ನಸುಕಿನಲ್ಲಿ ಅಜ್ಜಿ ಚಿಲಕ ತೆಗೆಯುವುದನ್ನೇ ಕಾದು ಅಮರ್ ಮತ್ತೆ ಹೋದ. ಗೂಡು ಬರಿದಾಗಿತ್ತು.

ಭಾನುವಾರ ಆಟದ ಗೆಳೆಯರೆಲ್ಲ ಶಾಲೆಯ ಜಗಲಿಯಲ್ಲಿ ಸೇರಿದರು. ಅಮರನ ಅಕ್ಕ ಪ್ರಮೋದಾ ಅಲ್ಲಿನ ವಿಜ್ಞಾನ ಶಿಕ್ಷಕಿ. ಊರಿನಲ್ಲಿ ಏನು ಕಳೆದರೂ ಜನ ಮೊದಲು ಹುಡುಕುವುದು ಅವಳನ್ನು. ಅವರೆಲ್ಲ ತಿಂಗಳುಗಟ್ಟಲೆ ಆಡುತ್ತಿದ್ದುದು ನಿಯಮ ಬದಲಿಸುವ ಆಟ. ಯಾರು ಬೇಕಾದರೂ ಹೊಸ ನಿಯಮ ಸೂಚಿಸಬಹುದು. ಹೆಚ್ಚು ಕೈಗಳೆದ್ದರೆ ಅದೇ ನಿಯಮ. ಹುಣಸೆ ಬೀಜಗಳೇ ಅಂಕಗಳು. ಸಿಂಚನ ಮತ್ತು ಕೆಂಪರಾಜು ತಮ್ಮ ಬೀಜಗಳನ್ನು ಒಂದೇ ಗಡಿಗೆಗೆ ಹಾಕಿ ಅಜ್ಜಿಯ ಬಳಿ ಇಟ್ಟು, ಗೆದ್ದರೆ ಇಬ್ಬರೂ ಗೆದ್ದಂತೆ ಎಂದು ಒಪ್ಪಂದ ಮಾಡಿಕೊಂಡಿದ್ದರು. ಅವರಿಬ್ಬರಲ್ಲದೆ ಬೇರೆ ಯಾರು ಕೇಳಿದರೂ ಅಜ್ಜಿ ಗಡಿಗೆ ಕೊಡುತ್ತಿರಲಿಲ್ಲ. ಒಬ್ಬರೇ ಒಯ್ದರೆ ಒಪ್ಪಂದ ಮುರಿದಂತೆ. ಮುರಿದವರು ಆಟದಿಂದ ಶಾಶ್ವತವಾಗಿ ಹೊರಗೆ.

"ಶುಕ್ರವಾರ ದೀಪ ಹಚ್ಚಿದ್ಮೇಲೆ ಅಜ್ಜಿ ಗಡಿಗೆ ತಂದು ಇವ್ಳ ಕೈಗೆ ಕೊಟ್ಟಿದ್ದು ನಾನೇ ನೋಡ್ದೆ," ಎಂದ ಕೆಂಪರಾಜು, ಸಿಂಚನಳ ಕಡೆ ಕೈ ತೋರಿಸಿ. "ಬೇಕಾದ್ರೆ ಅಜ್ಜೀನೇ ಕೇಳ್ಕೊಳಿ."

"ಅಜ್ಜಿಗೆ ಬೆಳಿಗ್ಗೆ ತಿಂದಿದ್ದೇ ನೆನಪಿರಲ್ಲ. ಒಳ್ಳೇ ಸಾಕ್ಷಿ ಹುಡುಕಿದ್ಯಪ್ಪಾ," ಎಂದು ಅಮರ್ ಗೊಣಗಿದ.

ಸಿಂಚನ ತಲೆ ಎತ್ತಲಿಲ್ಲ. "ಮದ್ವೆಯಾಗಿ ಬಂದ್ಮೇಲೆ ಈ ಊರಲ್ಲಿ ನನ್ ಮಾತಿಗೆ ಕೈ ಎತ್ತೋರು ಇರೋದು ಇಲ್ಲೊಂದೇ ಕಡೆ, ಅಕ್ಕ. ಇದೂ ಹೋದ್ರೆ ಮನೆ, ತೋಟ, ಬಸ್ಸು ಅಷ್ಟೇ."

ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದಿ ಸೋತಿದ್ದ ಪ್ರಮೋದಾ ಕಣ್ಣುಜ್ಜಿಕೊಂಡಳು. "ಅಮರ್, ಶುಕ್ರವಾರ ಹೆಪ್ಪು ಯಾಕೆ ಸಿಗ್ಲಿಲ್ಲ?"

"ದೀಪ ಹಚ್ಚಿದ್ಮೇಲೆ ಲಕ್ಷ್ಮೀನ ಹೊರಗೆ ಕಳ್ಸಲ್ಲ ಅಂದ್ಲು."

"ನೆನಪು ಹೋಗಿದೆ, ರೂಢಿ ಹೋಗಿಲ್ಲ," ಎಂದಳು ಪ್ರಮೋದಾ. "ಶುಕ್ರವಾರ ಸಂಜೆ ಒಂದ್ ಚಮಚ ಹೆಪ್ಪು ಕೊಡದೋಳು ತುಂಬಿದ ಗಡಿಗೆ ಕೊಡ್ತಾಳಾ? ರಾತ್ರಿ ಚಿಲಕ ಹಾಕಿ ಆ ಗೂಡಿನ ಕೆಳಗೇ ಮಲಗ್ತಾಳೆ. ಬಾಗ್ಲು ತೆಗೆದಾಗ ಗಡಿಗೆ ಇರ್ಲಿಲ್ಲ. ಅಂದ್ರೆ ಅದು ಹೋಗಿದ್ದು ಮಧ್ಯಾಹ್ನಕ್ಕೂ ದೀಪಕ್ಕೂ ನಡುವೆ. ಆಗ ಸಿಂಚನ ತೋಟದಲ್ಲಿದ್ಲು. ಕೇಳೋ ಹಕ್ಕಿದ್ದ ಇನ್ನೊಬ್ಬ ಊರಲ್ಲೇ ಇದ್ದ."

ಕೆಂಪರಾಜು ಜಗಲಿಯಿಂದ ಕೆಳಗಿಳಿದು ನಿಂತ.

"ಸಾಕಾಗಿತ್ತು, ಅಕ್ಕ. ವಾರವಾರ ನಿಯಮ ಬದ್ಲಾಗ್ತದೆ, ಆಟ ಮುಗಿಯೋದೇ ಇಲ್ಲ. ನಾನಾಗಿ ಬಿಟ್ರೆ ಮಾತಿಗೆ ತಪ್ಪಿದೋನು ಅಂತಾರೆ. ಅವ್ಳೇ ಮುರಿದಂಗಾದ್ರೆ ನಾನು ಬಿಡುಗಡೆ. ಬೀಜ ನಮ್ ತಿಪ್ಪೇಲಿವೆ."

"ಒಪ್ಪಂದದಿಂದ ಬಿಡಿಸ್ಕೊಳ್ಳೋಕೆ ಒಂದು ನಿಯಮ ಕೇಳಿದ್ರೆ ಆಗ್ತಿತ್ತಲ್ಲ ಮಾರಾಯ," ಎಂದಳು ಸಿಂಚನ. "ಮೊದ್ಲು ನಾನೇ ಕೈ ಎತ್ತಿರ್ತಿದ್ದೆ."

ಪ್ರಮೋದಾ ಎದ್ದು ತೀರ್ಮಾನ ಹೇಳಿದಳು: ಒಪ್ಪಂದ ಮುರಿದವನು ಕೆಂಪರಾಜು, ಸಿಂಚನ ಆಟದಲ್ಲಿ ಉಳಿಯುತ್ತಾಳೆ.